ಯಜಮಾನರ ಬೆನ್ನು

ಬಂಡಳ್ಳಿಯ ಯಜಮಾನ ವೃಷಭೇಂದ್ರಪ್ಪನವರಿಗೆ ಲಕ್ವ ಹೊಡೆದು ಎಡಗೈ, ಎಡಗಾಲು ಸ್ವಾಧೀನ ತಪ್ಪಿದವು. ನಾಲಗೆಗೆ ಮಾತ್ರ ಏನೂ ಆಗಲಿಲ್ಲ. ಅದೂ ನಾಲ್ಕು ದಿನ ಬಿದ್ದಿದ್ದರೆ ಹೆಂಡತಿ ಶಂಕರಮ್ಮನಿಗೆ ಕೊಂಚ ನೆಮ್ಮದಿಯಾದರೂ ಸಿಗುತ್ತಿತ್ತು.

ಕೊಳ್ಳೇಗಾಲದ ಆಸ್ಪತ್ರೆಗೆ ಸೇರಿಸಿದ ನಾಲ್ಕನೇ ದಿನ, ದುಪ್ಪಟಿ ಬದಲಿಸುವಾಗ ನರ್ಸಮ್ಮ ಯಜಮಾನರ ಸೊಂಟದ ಕೆಳಗೆ ರೂಪಾಯಗಲ ಕೆಂಪಗಾಗಿದ್ದನ್ನು ಕಂಡರು.

"ಎರಡು ಗಂಟೆಗೊಂದ್ಸಲ ಮಗ್ಗಲು ಬದಲಿಸಿ. ಇದು ಕೊಳೆತು ಮೂಳೆಗಿಳಿದರೆ ಜೀವಕ್ಕೇ ಬರುತ್ತೆ."

ಶಂಕರಮ್ಮನ ಮಾವನವರು ಹೋದದ್ದೂ ಹೀಗೇ. ನಡುಮನೆಯ ಆ ವಾಸನೆಯನ್ನು ಅವಳಿನ್ನೂ ಮರೆತಿರಲಿಲ್ಲ.

ಯಜಮಾನರು ಒಪ್ಪಬೇಕಲ್ಲ! ಮಂಚದ ಎರಡೂ ಬದಿಗೆ ನೆಂಟರಿಷ್ಟರು. ಎತ್ತ ತಿರುಗಿದರೂ ಯಾರೋ ಒಬ್ಬರಿಗೆ ಬೆನ್ನು.

"ನೋಡಕ್ ಬಂದೋರ್ಗೆ ಬೆನ್ ತೋರ್ಸಕೆ ನಾನೇನ್ ಓಡೋಗೋ ಕಳ್ನಾ?" ಎಂದು ಗದರಿ, ಹಗಲೆಲ್ಲ ಅಂಗಾತ ಮಲಗಿ ದರ್ಶನ ಕೊಟ್ಟರು. ಶುಕ್ರವಾರದ ಹೊತ್ತಿಗೆ ಚರ್ಮ ಒಡೆಯಿತು.

ಶಂಕರಮ್ಮ ವರಾಂಡದಲ್ಲಿ ನಿಂತು ಅತ್ತಳು. ಆಮೇಲೆ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಪೇಟೆಯಲ್ಲಿದ್ದ ತಮ್ಮ ಪುಟ್ಟಮಲ್ಲಪ್ಪನ ಮನೆಗೆ ನಡೆದಳು. ಮೂರು ವರ್ಷದ ಹಿಂದೆ ಸೊಸೈಟಿ ಎಲೆಕ್ಷನ್ನಿನಲ್ಲಿ ಯಜಮಾನರನ್ನು ಸೋಲಿಸಿದವನು ಇವನೇ.

"ಬಾವ ನನ್ ಮೊಕ ನೋಡಕಿಲ್ವಲ್ಲಕ್ಕಾ."

"ಅದ್ಕೇ ಬಾ ಅಂತಿರೋದು ಕಣಪ್ಪ."

ಪುಟ್ಟಮಲ್ಲಪ್ಪ ಬಂದು ಮಂಚದ ಬಲಕ್ಕೆ ಸ್ಟೂಲು ಹಾಕಿಕೊಂಡು ಕೂತ. ಯಜಮಾನರ ಮುಖ ಊದಿತು. "ಅತ್ಲಾಗ್ ತಿರುಗ್ಸಿ ನನ್ನ! ಈ ಮೊಕ ಕಾಣ್ಬಾರ್ದು!" ಶಂಕರಮ್ಮ ಮತ್ತು ನರ್ಸಮ್ಮ ಸೇರಿ ಎಡಕ್ಕೆ ಹೊರಳಿಸಿ ಬೆನ್ನಿಗೆ ದಿಂಬು ಕೊಟ್ಟರು. ಎರಡು ಗಂಟೆ ಕಳೆಯಿತು. ಪುಟ್ಟಮಲ್ಲಪ್ಪ ಸ್ಟೂಲೆತ್ತಿಕೊಂಡು ಎಡಕ್ಕೆ ಬಂದ.

"ಇತ್ಲಾಗೂ ಬಂದ್ನಾ! ತಿರುಗ್ಸಿ!"

ಹೀಗೆ ದಿನವೂ ನಡೆಯಿತು. ನೆಂಟರು ಯಜಮಾನರ ಬೆನ್ನಿಗೇ ಕೈಮುಗಿದು, ಬಾಳೆಹಣ್ಣಿಟ್ಟು ಹೋದರು. ಬೆನ್ನು ಪುಟ್ಟಮಲ್ಲಪ್ಪನಿಗೆಂದು ಎಲ್ಲರಿಗೂ ಗೊತ್ತಿತ್ತು; ಯಾರ ಮಾನವೂ ಹೋಗಲಿಲ್ಲ. ಮೂರು ವಾರದಲ್ಲಿ ಗಾಯ ಮಾಯತೊಡಗಿತು.

ಒಂದು ದಿನ ಪುಟ್ಟಮಲ್ಲಪ್ಪನಿಗೆ ಹನೂರಿನಲ್ಲಿ ಮೀಟಿಂಗು. ಯಜಮಾನರು ಬಾಗಿಲನ್ನೇ ನೋಡುತ್ತ ಅಂಗಾತ ಮಲಗಿದ್ದರು. ಶಂಕರಮ್ಮ ತಿರುಗಿಸಲು ಹೋದರೆ ಬೇಡವೆಂದರು. ಮಧ್ಯಾಹ್ನಕ್ಕೆ ದನಿ ಇಳಿಯಿತು.

"ಎಲ್ಲೋದ್ನೇ ನಿನ್ ತಮ್ಮ? ಬೆನ್ನು ಉರೀತದೆ. ಬಂದು ಕೂರಕ್ ಯೋಳು, ತಿರುಗ್ಕಬೇಕು."

ಶಂಕರಮ್ಮನಿಗೆ ನಗುವೂ ಬಂತು, ಮೈಯೂ ಉರಿಯಿತು. ಸ್ಟೂಲೆಳೆದು ತಾನೇ ಕೂತಳು.

"ಅವ್ನು ಬರಕಿಲ್ಲ. ನಂಗೇ ಬೆನ್ ತೋರ್ಸಿ. ಮೂವತ್ ವರ್ಸದಿಂದ ಅದ್ನೇ ತಾನೆ ನೋಡ್ತಿರೋದು."

ಯಜಮಾನರು ಬಲಗೈಯಲ್ಲಿ ಮಂಚದ ಅಂಚು ಹಿಡಿದು, ಅವಳಿಗೆ ಬೆನ್ನಾಗಿ ಮಗ್ಗಲು ಬದಲಿಸಿದರು.