ಬೋಳುಗುಡ್ಡದ ಹೊಳಪು

ನಾನು ಬಲೆ ಹೆಣೆಯಲು ಕೂರುತ್ತಿದ್ದ ಕೊಟ್ಟಿಗೆಯ ಕಿಟಕಿಯಿಂದ ಸಮುದ್ರದಲ್ಲಿ ಎರಡು ದ್ವೀಪಗಳು ಕಾಣುತ್ತಿದ್ದವು. ಬಲಗಡೆಯದು ದೀಪದಗುಡ್ಡ, ಎಡಗಡೆಯದು ಬೋಳುಗುಡ್ಡ. ಬೆಳಿಗ್ಗೆ ಎದುರಿನ ಬಾಗಿಲ ಚೌಕಟ್ಟಿನ ನೆರಳು ಸರಿದು ನನ್ನ ಮೊಣಕಾಲು ಮುಟ್ಟುವ ಹೊತ್ತಿಗೆ ಬೋಳುಗುಡ್ಡದ ಬಂಡೆಗಳ ನಡುವೆ ಏನೋ ಫಳ್ಳನೆ ಹೊಳೆಯುತ್ತಿತ್ತು. ಒಂದು ಎಲೆಯಡಿಕೆ ಜಗಿದು ಮುಗಿಸುವಷ್ಟು ಹೊತ್ತು ಹೊಳೆದು ಆರಿಹೋಗುತ್ತಿತ್ತು. ಕೆಲವು ದಿನ ಹೊಳೆಯುತ್ತಲೇ ಇರಲಿಲ್ಲ. ಆ ದಿನಗಳಲ್ಲಿ ನನ್ನ ಬಲೆಯ ಒಂದೆರಡು ಕಣ್ಣು ತಪ್ಪಿಹೋಗುತ್ತಿದ್ದವು.

ಅದೇನೆಂದು ಯಾರನ್ನೂ ಕೇಳಿರಲಿಲ್ಲ. ಏಳನೆಯ ಇಯತ್ತೆಗೆ ಶಾಲೆ ಬಿಟ್ಟು ಬಂದಾಗಿನಿಂದ, ನಾಲ್ಕು ವರ್ಷ, ಆ ಕೊಟ್ಟಿಗೆಯಲ್ಲಿ ನಾನು ಆಡಿದ ಮಾತುಗಳನ್ನು ಬೆರಳಲ್ಲಿ ಎಣಿಸಬಹುದಿತ್ತು. ಬಾಯಿ ತೆರೆದರೆ ಜೊತೆಗೆ ಹೆಣೆಯುವ ಹತ್ತು ಜನ ತಿರುಗಿ ನೋಡುತ್ತಾರೆ ಎಂಬುದೇ ನನ್ನ ಹೆದರಿಕೆ. ಹಾಗಾಗಿ ನಾನೇ ಎಲ್ಲರನ್ನೂ ನೋಡುತ್ತಿದ್ದೆ.

ಆ ವರ್ಷ ಧಣಿಯ ದೊಡ್ಡ ಬಲೆಯನ್ನು ನಾವು ಹೇಳಿದ ದಿನಕ್ಕೆ ಮೊದಲೇ ಮುಗಿಸಿಕೊಟ್ಟೆವು. ಖುಷಿಯಲ್ಲಿ ಅವರು, "ಒಂದು ದಿನ ದೋಣಿ ಕೊಡ್ತೇನೆ, ಎಲ್ಲರೂ ಸುತ್ತಾಡಿ ಬನ್ನಿ" ಎಂದುಬಿಟ್ಟರು. ನಮ್ಮೂರಲ್ಲಿ ಬಲೆ ಹೆಂಗಸರದು, ದೋಣಿ ಗಂಡಸರದು. ನಮ್ಮಲ್ಲಿ ಒಬ್ಬರೂ ಸಮುದ್ರಕ್ಕೆ ಇಳಿದವರಲ್ಲ. ಕೊಟ್ಟಿಗೆಗೆ ಹುಚ್ಚೇ ಹಿಡಿಯಿತು. ಆದರೆ ಮಧ್ಯಾಹ್ನದ ಗಾಳಿ ಏಳುವ ಮೊದಲು ಮರಳಬೇಕಾದ್ದರಿಂದ ಹೋಗಬಹುದಾದದ್ದು ಒಂದೇ ದ್ವೀಪಕ್ಕೆ.

"ದೀಪದಗುಡ್ಡ!" ಎಂದಳು ಮೋಹಿನಿ. "ದೀಪದ ಕಂಬ ಹತ್ತಿದರೆ ಊರೇ ಕಾಣ್ತದಂತೆ. ಸಿಹಿನೀರಿನ ಬಾವಿ, ತೆಂಗಿನ ನೆರಳು..."

"ಊರು ಕಾಣೋಕೆ ಊರು ಬಿಟ್ಟು ಹೋಗಬೇಕಾ ಮಾರಾಯ್ತಿ?" ಎಂದರು ಎಲ್ಲರಿಗಿಂತ ಹಿರಿಯರಾದ ಕಮಲಿಬಾಯಿ. "ಬೋಳುಗುಡ್ಡದಲ್ಲಿ ಬಂಡೆ ತುಂಬ ಪಚ್ಚಿಲೆ. ಚಿಪ್ಪು ಬಿಡಿಸಿ ಕಾಯಿ ಅರೆದು ಗಸಿ ಮಾಡಿದರೆ ಮೂರು ದಿನ ಕೈ ಮೂಸ್ತಾ ಇರಬಹುದು."

"ನಿಮಗೆ ಎಲ್ಲಿ ಹೋದರೂ ಹೊಟ್ಟೆಯದೇ ಚಿಂತೆ!"

ಎರಡು ದಿನ ಇದೇ ಜಗಳ. ಮೂರನೆಯ ದಿನ ಕೊಟ್ಟಿಗೆಯ ಮೇಲ್ವಿಚಾರಣೆಯ ಜಲಜಕ್ಕ ಬಾಗಿಲ ಬಳಿ ಎರಡು ನೂಲು ಇಳಿಬಿಟ್ಟರು. ಬಿಳಿಯದು ದೀಪದಗುಡ್ಡಕ್ಕೆ, ನೀಲಿಯದು ಬೋಳುಗುಡ್ಡಕ್ಕೆ. "ಹೋಗ್ತಾ ಬರ್ತಾ ಒಬ್ಬೊಬ್ಬರು ಒಂದೊಂದು ಗಂಟು ಹಾಕಿ. ಯಾರದು ಯಾವುದು ಅಂತ ಯಾರಿಗೂ ಗೊತ್ತಾಗಬಾರದು" ಎಂದರು. ಬಲೆ ಹೆಣೆಯುವವರ ನಡುವೆ ಗಂಟು ಗುಟ್ಟಾಗಿ ಉಳಿಯುತ್ತದೆಯೇ ಎಂದು ಆಗ ಯಾರಿಗೂ ಹೊಳೆಯಲಿಲ್ಲ.

ನಾನು ನೀಲಿ ನೂಲಿಗೆ ಗಂಟು ಹಾಕಿದೆ. ಸಂಜೆ ಜಲಜಕ್ಕ ನೂಲುಗಳನ್ನು ಎತ್ತಿ ಹಿಡಿದು ಎಣಿಸಿದರು. ನಾಳೆ ದೋಣಿ ನಡೆಸಬೇಕಾದ ದುರ್ಗಣ್ಣ ಬಾಗಿಲಿಗೆ ಒರಗಿ ನಿಂತಿದ್ದ.

"ಬಿಳಿ ಏಳು, ನೀಲಿ ಆರು. ದೀಪದಗುಡ್ಡ!"

ಮೋಹಿನಿ ಕೇಕೆ ಹಾಕಿ ಕುಣಿದಳು. ನಾನು ಮನಸ್ಸಲ್ಲೇ ಕೂಡಿಸಿದೆ. ಏಳು, ಆರು. ಏಳು, ಆರು. ಬಾಯಿ ತೆರೆಯಲು ಎಷ್ಟು ಹೊತ್ತು ಹಿಡಿಯಿತೋ ತಿಳಿಯದು.

"ಅಕ್ಕಾ... ನಾವು ಇರುವುದು ಹನ್ನೊಂದು ಜನ."

ಹತ್ತು ಜನ ತಿರುಗಿ ನೋಡಿದರು. ನನ್ನ ಕಿವಿ ಬಿಸಿಯಾಯಿತು. ಆದರೆ ಹೊರಟ ಮಾತು ನಿಲ್ಲಲಿಲ್ಲ. "ಬಿಳಿಯದರಲ್ಲಿ ಕೆಳಗಿನ ಎರಡು ಬಲೆಯ ಗಂಟಲ್ಲ."

ಜಲಜಕ್ಕ ನೂಲನ್ನು ಕಣ್ಣ ಬಳಿ ತಂದರು. "ಇದು ಮೋಹಿನಿದು, ಅವಸರದ್ದು. ಇದು ಸರಸುದು, ಎರಡು ಸಲ ಬಿಗಿದದ್ದು..." ಎಂದು ಬೆರಳು ಇಳಿಸುತ್ತ ಹೋದವರು ತಡೆದು ನಿಂತರು. "ಇವೆರಡು ಗೂಟಕ್ಕೆ ದೋಣಿ ಕಟ್ಟುವ ಗಂಟು."

ಈಗ ಎಲ್ಲರ ಕಣ್ಣೂ ಬಾಗಿಲಿಗೆ ಹೊರಳಿತು.

"ಅಲ್ಲ... ಬೋಳುಗುಡ್ಡದಲ್ಲಿ ಬಂಡೆ ಜಾರ್ತದೆ" ಎಂದು ದುರ್ಗಣ್ಣ ತಡವರಿಸಿದ. "ಯಾರಾದರೂ ಬಿದ್ದರೆ ಧಣಿ ನನ್ನನ್ನ ಬಿಡ್ತಾರಾ?"

"ದಿನಾ ಬೆಳಿಗ್ಗೆ ಗಾಳ ಹಾಕೋಕೆ ನೀನು ಹೋಗೋದು ಅಲ್ಲಿಗೇ ಅಲ್ವಾ? ನೀನು ಬಿದ್ದದ್ದು ಕಾಣೆ" ಎಂದರು ಕಮಲಿಬಾಯಿ. "ಅಲ್ಲಿ ಎಂತ ಹೂತಿಟ್ಟಿದ್ದೀಯೋ?"

ಕೊಟ್ಟಿಗೆ ಹಾರಿಹೋಗುವಷ್ಟು ನಗು. ಐದು, ಆರು. ಬೋಳುಗುಡ್ಡವೇ ಗೆದ್ದಿತು. ಮೋಹಿನಿ ನನ್ನ ಜಡೆ ಎಳೆದು, "ಇವಳಿಗೆ ಬಾಯಿ ಉಂಟಂತ ನನಗೆ ಇವತ್ತೇ ಗೊತ್ತಾದದ್ದು!" ಎಂದಳು.

ಮಾರನೆಯ ಬೆಳಿಗ್ಗೆ ದೋಣಿ ಮೊದಲ ಅಲೆಯನ್ನು ಏರಿ ಇಳಿದಾಗ ಹನ್ನೊಂದೂ ಜನ ಒಟ್ಟಿಗೆ ಕಿರುಚಿದೆವು. ಎರಡನೆಯ ಅಲೆಗೆ ನಕ್ಕೆವು. ಉಪ್ಪುನೀರು ಮುಖಕ್ಕೆ ರಾಚಿತು. ಮೋಹಿನಿ ಸರಸುವಿನ ಸೆರಗು ಬಿಗಿಯಾಗಿ ಹಿಡಿದು, "ನಾನು ಹೆದರಿಲ್ಲ, ಇವಳು ಹೆದರಬಾರದು ಅಂತ" ಎನ್ನುತ್ತಿದ್ದಳು. ತಿರುಗಿ ನೋಡಿದೆ. ನಮ್ಮ ಕೊಟ್ಟಿಗೆಯ ಕಿಟಕಿ ಬಲೆಯ ಒಂದು ಕಣ್ಣಿನಷ್ಟಾಗಿತ್ತು. ನಾನು ಅದರಿಂದ ಹೊರಗೆ ಬಂದಿದ್ದೆ!

ದೋಣಿ ಬಂಡೆಗೆ ತಾಗಿದ್ದೇ ತಡ, ದುರ್ಗಣ್ಣ "ಹಗ್ಗ ಕಟ್ಟಿ ಬರ್ತೇನೆ" ಎಂದು ಮೇಲೆ ಓಡಿದ. ಹಗ್ಗ ದೋಣಿಯಲ್ಲೇ ಇತ್ತು. ಉಳಿದವರು ಸೀರೆ ಎತ್ತಿ ಕಟ್ಟಿ ಪಚ್ಚಿಲೆಗೆ ಮುಗಿಬಿದ್ದಾಗ ನಾನು ಅವನ ಹಿಂದೆ ಹತ್ತಿದೆ.

ಎರಡು ಬಂಡೆಗಳ ಸಂದಿಯಲ್ಲಿ ಒಂದು ಗೂಟ. ಗೂಟಕ್ಕೆ ಅದೇ ದೋಣಿ ಕಟ್ಟುವ ಗಂಟಿನಲ್ಲಿ ಬಿಗಿದ, ಅಂಗೈ ಅಗಲದ ಕ್ಷೌರದ ಕನ್ನಡಿ. ಅದರ ಮೇಲಿಂದ ಗಾಳಿಗೆ ಸರಿದಿದ್ದ ಗೋಣಿತುಂಡನ್ನು ಮತ್ತೆ ಹೊದಿಸುತ್ತಿದ್ದ ದುರ್ಗಣ್ಣ ನನ್ನನ್ನು ಕಂಡು ಬೆಚ್ಚಿದ. ಆಮೇಲೆ ಬಂಡೆಯ ಮೇಲೆ ಕುಸಿದು ಕೂತ.

"ಯಾರಿಗೂ ಹೇಳಬೇಡ ಮಗಾ. ಹಿಂದೊಮ್ಮೆ ಜಲಜ ಹೇಳಿದ್ದಳು, ಹೋದವರು ಮುಟ್ಟಿದರೋ ಇಲ್ಲವೋ ದಡದಲ್ಲಿ ಕೂತವರಿಗೆ ಹೇಗೆ ಗೊತ್ತಾಗಬೇಕು ಅಂತ. ಅವಳು ಕೂರೋದು ಆ ಕಿಟಕಿ ಹತ್ರ. ಇಲ್ಲಿಗೆ ಮುಟ್ಟಿದ ಕೂಡಲೇ ಗೋಣಿ ತೆಗೀತೇನೆ. ಹೊರಡುವಾಗ ಮುಚ್ಚುತ್ತೇನೆ."

"ಎಷ್ಟು ವರ್ಷ ಆಯ್ತು?"

"ಏಳು."

"ಅವರು ನೋಡಿದ್ದಾರಾ?"

"ಕೇಳಲಿಲ್ಲ. ಹೇಗೆ ಕೇಳೋದು?"

ತಮ್ಮಂದಿರನ್ನು ದಡ ಸೇರಿಸುವುದರಲ್ಲೇ ಜಲಜಕ್ಕನ ಮದುವೆಯ ವಯಸ್ಸು ದಾಟಿತ್ತು. ದುರ್ಗಣ್ಣನೂ ಒಂಟಿ. ನನಗಿಂತಲೂ ಮಾತಿಗೆ ಹೆದರುವವರು ಇದ್ದಾರೆಂದು ಅಂದೇ ತಿಳಿದದ್ದು.

"ದುರ್ಗಣ್ಣ, ಅವರು ಮೇಲ್ವಿಚಾರಣೆಗೆ ಅಂತ ಬಾಗಿಲ ಹತ್ತಿರ ಕೂರೋಕೆ ಹೋಗಿ ನಾಲ್ಕು ವರ್ಷ ಆಯ್ತು. ಕಿಟಕಿಯಲ್ಲಿ ಈಗ ಕೂರೋದು ನಾನು."

ಅವನು ನನ್ನನ್ನೇ ನೋಡಿದ. ಗೋಣಿತುಂಡು ಕೈಯಿಂದ ಜಾರಿತು. "ಹಾಗಾದರೆ ಇಷ್ಟು ವರ್ಷ ನಾನು ಮುಟ್ಟಿದೆ, ಮುಟ್ಟಿದೆ ಅಂತ ಹೇಳಿದ್ದು ನಿನಗಾ?"

"ನನಗೂ ಬೇಕಿತ್ತು" ಎಂದೆ.

ಅವನು ತಲೆ ಚಚ್ಚಿಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಕೆಳಗಿನಿಂದ ಜಲಜಕ್ಕನ ಕೂಗು ಕೇಳಿತು. "ಹುಡುಗೀ, ಎಲ್ಲಿದ್ದೀಯೇ? ಜಾರಿ ಬಿದ್ದೀಯ, ಹುಷಾರು!"

ಯಾರಿಗೂ ಹೇಳಬೇಡವೆಂದು ದುರ್ಗಣ್ಣ ಕೇಳಿಕೊಂಡಿದ್ದ, ಹೇಳಲಿಲ್ಲ. ಮರುದಿನ ಕೊಟ್ಟಿಗೆಯೆಲ್ಲ ಪಚ್ಚಿಲೆ ಗಸಿಯ ಸುದ್ದಿಯಲ್ಲಿ ಮುಳುಗಿರುವಾಗ ನಾನು ಎದ್ದು ಬಾಗಿಲ ಬಳಿ ಹೋದೆ.

"ಜಲಜಕ್ಕ, ಕಿಟಕಿ ಬೆಳಕು ನನ್ನ ಕಣ್ಣಿಗೆ ಚುಚ್ಚುತ್ತದೆ. ಸ್ವಲ್ಪ ಹೊತ್ತು ಅಲ್ಲಿ ನೀವು ಕೂರ್ತೀರಾ?"

"ದೋಣಿ ಹತ್ತಿ ಬಂದದ್ದೇ ಬಂದದ್ದು, ಇವಳ ಮಾತೇ ನಿಲ್ಲೂದಿಲ್ಲ" ಎಂದು ಗೊಣಗುತ್ತ ಅವರು ಸೂಜಿ ಎತ್ತಿಕೊಂಡು ಹೋದರು.

ಬಾಗಿಲ ಬಳಿ ಕೂತು ನಾನು ನೆರಳನ್ನೇ ಕಾದೆ. ಅದು ಜಲಜಕ್ಕನ ಮೊಣಕಾಲು ಮುಟ್ಟಿತು. ಏನೂ ಇಲ್ಲ. ಮೊಣಕಾಲು ದಾಟಿತು. ನಾಚಿಕೆಯಿಂದ ದುರ್ಗಣ್ಣ ಕನ್ನಡಿಯನ್ನೇ ಕಿತ್ತುಹಾಕಿದನೋ ಏನೋ ಎಂದುಕೊಂಡೆ.

ಆಗ ಜಲಜಕ್ಕನ ಕೈ ನಿಂತಿತು.

"ಇದು ಇನ್ನೂ ಉಂಟಾ?" ಎಂದರು, ಯಾರಿಗೂ ಅಲ್ಲವೆಂಬಂತೆ.

ಅಂದು ಅವರು ತಿರುಗಿ ಬಾಗಿಲ ಬಳಿ ಬರಲಿಲ್ಲ. ಹೊಳಪು ಆರಿದ ಮೇಲೂ ಸಮುದ್ರದ ಕಡೆಗೇ ಮುಖ ಮಾಡಿ ಕೂತಿದ್ದರು. ಹಾಕಿದ ಗಂಟು ಬಿಗಿಯದೆ, ನೂಲು ಅವರ ಬೆರಳ ಮೇಲೆ ಸಡಿಲವಾಗಿ ಹಾಗೆಯೇ ಇತ್ತು.