ಎಡಗೈ ಸುತ್ತು

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂದು ಲೋಕವೆಲ್ಲ ಕೇಳಿದರೆ, ಬಗ್ಗಿಸಿ ತೋರಿಸಿಯೇ ಹೊಟ್ಟೆ ಹೊರೆದವನು ಎಡಚ. ನಲವತ್ತು ವರ್ಷದ ಆಲವನ್ನು ಕುಂಡದಲ್ಲಿ ಮೊಣಕಾಲೆತ್ತರಕ್ಕೆ ನಿಲ್ಲಿಸಿ, ಬಿಳಲು ಇಳಿಸಿ, ಕೊಂಬೆಗೆ ತಂತಿ ಸುತ್ತಿ ತನಗೆ ಬೇಕಾದತ್ತ ಬಾಗಿಸುತ್ತಿದ್ದ. ಎಲ್ಲರೂ ಬಲಕ್ಕೆ ಸುತ್ತಿದರೆ ಇವನದು ಎಡಕ್ಕೆ. ಯಾರದೋ ಮನೆಯಲ್ಲಿಟ್ಟ ಕುಂಡವನ್ನು ನೋಡಿದರೂ ‘ಇದು ಎಡಚನ ಕೈ’ ಎಂದು ತಿಳಿದುಬಿಡುತ್ತಿತ್ತು.

ಅಂಥವನು ಆ ಆಲಕ್ಕೆ ತಂತಿ ಸುತ್ತಿದ ವಾರವೇ ಎದೆ ಹಿಡಿದುಕೊಂಡು ಹೋಗಿಬಿಟ್ಟ. ಉಳಿದವರು ಅವನ ಹೆಂಡತಿ ಮತ್ತು ಇಪ್ಪತ್ತು ವರ್ಷ ಅವನ ಪಕ್ಕದಲ್ಲಿ ಕೂತು ಕೆಲಸ ಮಾಡಿದ ತಂಗಿ. ತಂಗಿಯನ್ನು ಅವನು ಗುಬ್ಬಿ ಎನ್ನುತ್ತಿದ್ದ. ಐವತ್ತು ದಾಟಿದರೂ ಆಕೆ ಗುಬ್ಬಿಯೇ.

ಆಲ ಬೇಗ ದಪ್ಪವಾಗುವ ಜಾತಿ. ಮೂರು ತಿಂಗಳೊಳಗೆ ತಂತಿ ತೆಗೆಯದಿದ್ದರೆ ಅದು ತೊಗಟೆಯನ್ನು ಕಚ್ಚುತ್ತದೆ, ಕೊಂಬೆ ಸೊರಗಿ ಸಾಯುತ್ತದೆ. ಕಲಿಯಲು ಬಂದವರಿಗೆಲ್ಲ ಗುಬ್ಬಿಯೇ ಬೈದು ಹೇಳುತ್ತಿದ್ದ ಪಾಠ ಇದು. ಆದರೆ ಐದು ತಿಂಗಳಾದರೂ ಆಕೆ ಈ ತಂತಿಯನ್ನು ಮುಟ್ಟಲಿಲ್ಲ. ಅಣ್ಣನ ಕೈ ಕೊನೆಯದಾಗಿ ಮಾಡಿದ ಕೆಲಸ. ಅದನ್ನು ತುಂಡು ತುಂಡು ಮಾಡಿ ಕಸದ ಡಬ್ಬಕ್ಕೆ ಹಾಕಲು ಆಕೆಗೆ ಮನಸ್ಸು ಬರಲಿಲ್ಲ.

ಸದ್ದು ಶುರುವಾದದ್ದು ನಾಲ್ಕನೇ ತಿಂಗಳಲ್ಲಿ. ಮಧ್ಯಾಹ್ನ ಮೂರಕ್ಕೆ ಸರಿಯಾಗಿ, ತಾರಸಿಯ ಶೆಡ್ಡಿನಿಂದ, ಕುಂಡದ ಅಂಚಿಗೆ ಇಕ್ಕಳ ಬಡಿದಂತೆ: ಟಣ್, ಟಣ್. ಹೋಗಿ ನೋಡಿದರೆ ಯಾರೂ ಇಲ್ಲ. ಮೊಳೆಗೆ ನೇತುಹಾಕಿದ್ದ ಇಕ್ಕಳ ಮಾತ್ರ ಮೇಜಿನ ಎಡಗಡೆಗೆ ಬಂದು ಕೂತಿರುತ್ತಿತ್ತು. ಗುಬ್ಬಿ ದಿನವೂ ಅದನ್ನು ಮತ್ತೆ ನೇತುಹಾಕಿ, ತಿರುಗಿ ನೋಡದೆ ಇಳಿದು ಬರುತ್ತಿದ್ದಳು.

“ನಿನ್ನೆನೂ ಕೇಳಿಸ್ತು, ಅಲ್ವಾ?” ಒಂದು ದಿನ ಊಟವಾದ ಮೇಲೆ ಅತ್ತಿಗೆ ಬಟ್ಟೆ ಮಡಚುತ್ತಾ ಕೇಳಿದಳು.

“ಏನು?”

“ನಾಟಕ ಆಡ್ಬೇಡ ಗುಬ್ಬಿ. ನನಗೂ ಕಿವಿ ಇದೆ. ಎರಡು ಸಲ ಬಡಿದ್ರೆ ಏನರ್ಥ ಅಂತ ನಿನಗೆ ಚೆನ್ನಾಗಿ ಗೊತ್ತು.”

ಗೊತ್ತಿತ್ತು. ಕೆಲಸಕ್ಕೆ ಕೂತರೆ ಅಣ್ಣನ ಬಾಯಲ್ಲಿ ತಂತಿಯ ತುಂಡುಗಳಿರುತ್ತಿದ್ದವು, ಮಾತಾಡಲು ಆಗುತ್ತಿರಲಿಲ್ಲ. ಒಂದು ಸಲ ಬಡಿದರೆ ‘ಕುಂಡ ತಿರುಗಿಸು’. ಎರಡು ಸಲ ಬಡಿದರೆ ‘ಕತ್ತರಿ ಕೊಡು’. ಒಂದು ತಿಂಗಳಿಂದ ಸತ್ತವನು ಕತ್ತರಿ ಕೇಳುತ್ತಿದ್ದ, ಬದುಕಿದ್ದವಳು ಜಾಣಕಿವುಡಿಯಾಗಿ ಕೂತಿದ್ದಳು.

“ತಂತಿ ತೆಗೆದ್ರೆ ಅಣ್ಣನ ಕೈ ಹೋಗಿಬಿಡುತ್ತೆ ಅತ್ತಿಗೆ.”

“ಅಪ್ಪ ನೆಟ್ಟ ಆಲದ ಮರ ಅಂತ ನೇಣು ಹಾಕ್ಕೊಂಡೋರ ಮಾತು ಕೇಳಿದ್ದೆ. ಅಣ್ಣ ನೆಟ್ಟ ಆಲ ಅಂತ ಮರಕ್ಕೇ ನೇಣು ಹಾಕೋಳು ನೀನೊಬ್ಬಳೇ ಕಣೇ!” ಅತ್ತಿಗೆ ನಗಲು ಹೋದಳು, ಆಗಲಿಲ್ಲ. “ನನಗೂ ಆ ಸದ್ದು ನಿಲ್ಲೋದು ಬೇಡ. ಈ ಮನೇಲಿ ಅವರದು ಅಂತ ಉಳಿದಿರೋದು ಅದೊಂದೇ. ಆದ್ರೆ ಕೇಳ್ತಿದಾರಲ್ಲ, ಕೊಟ್ಬಿಡು.”

ಗುಬ್ಬಿ ಹತ್ತಿ ಹೋದಳು. ಕೊಂಬೆಯ ಎಲೆಗಳು ಹಳದಿಯಾಗಿದ್ದವು, ತಂತಿ ಅಲ್ಲಲ್ಲಿ ತೊಗಟೆಯೊಳಗೆ ಹೂತುಹೋಗಿತ್ತು. ಆ ಎಡಸುತ್ತು ಆಕೆಯ ಬಲಗೈಗೆ ಒಗ್ಗಲಿಲ್ಲ. ಒಂದೊಂದೇ ಸುತ್ತು ಕತ್ತರಿಸಿ ಎತ್ತಿದಂತೆಲ್ಲ ಬಿಳಿ ಹಾಲು ಸೋರಿ ಬೆರಳಿಗೆ ಅಂಟಿತು. ಕೊನೆಯ ತುಂಡು ಬಿದ್ದಾಗ ಮೂರಕ್ಕೆ ಹತ್ತು ನಿಮಿಷ ಇತ್ತು. ಅತ್ತಿಗೆಯೂ ಬಂದು ಪಕ್ಕದಲ್ಲಿ ಕೂತಳು.

ಮೂರಾಯಿತು. ಮೂರೂವರೆಯಾಯಿತು. ಇಕ್ಕಳ ಮೊಳೆಯಲ್ಲೇ ಇತ್ತು.

ಐದು ತಿಂಗಳಿಂದ ಬಾರದ ಅಳು ಗುಬ್ಬಿಗೆ ಆಗ ಬಂತು. ಅತ್ತಿಗೆ ಆಕೆಯ ಅಂಟು ಕೈಯನ್ನು ಹಿಡಿದು ಕೊಂಬೆಯ ಮೇಲಿಟ್ಟಳು. ತಂತಿ ಕಚ್ಚಿದಲ್ಲೆಲ್ಲ ಆಳವಾದ ಗೀರು, ಮರ ಇರುವವರೆಗೂ ಅಳಿಯದ ಗೀರು. ಗುಬ್ಬಿಯ ಬೆರಳು ಅದರ ಜಾಡು ಹಿಡಿದು ಕೊಂಬೆಯನ್ನು ಸುತ್ತುತ್ತಾ ಎಡಕ್ಕೇ ಹೋಯಿತು.