ಕೇಳದೆ ಉಳಿಸಿದ ಕಾಲು

ಡಾಕ್ಟರಮ್ಮ ನಾಯಿಯ ಎಕ್ಸ್‌ರೇ ಹಾಳೆಯನ್ನು ಬೆಳಕಿನ ಪೆಟ್ಟಿಗೆಗೆ ಸಿಕ್ಕಿಸಿ ಪೆನ್ನಿನ ತುದಿಯಲ್ಲಿ ಒಂದು ಜಾಗ ತೋರಿಸಿದರು. ಉಳಿದ ಮೂಳೆಯೆಲ್ಲ ನೆಟ್ಟಗೆ, ಬೆಳ್ಳಗೆ ಇತ್ತು. ಎಡ ಮುಂಗಾಲಿನ ಗಂಟಿನ ಮೇಲೆ ಮಾತ್ರ ಗೆದ್ದಲು ತಿಂದ ಬಾಗಿಲ ಚೌಕಟ್ಟಿನ ಹಾಗೆ ಪುಡಿಪುಡಿ.

“ಇದು ಉಳುಕಲ್ಲ, ಮೂಳೆ ಕ್ಯಾನ್ಸರ್. ಕಾಲನ್ನ ಭುಜದಿಂದಲೇ ತೆಗೀಬೇಕಾಗುತ್ತೆ. ತೆಗೆದ್ರೆ ನೋವು ಹೋಗುತ್ತೆ. ಕಾಯಿಲೆ ಪೂರ್ತಿ ಹೋಗುತ್ತೆ ಅಂತ ನಾನು ಹೇಳಲ್ಲ. ಮುಂದೆ ಶ್ವಾಸಕೋಶಕ್ಕೆ ಬರೋದೇ ಹೆಚ್ಚು. ಹಾಗೇ ಬಿಟ್ರೆ ಆ ಮೂಳೆ ಒಂದು ದಿನ ತಾನಾಗೇ ಮುರಿಯುತ್ತೆ. ಮನೆಗೆ ಹೋಗಿ ಯೋಚನೆ ಮಾಡಿ.”

“ಯೋಚನೆ ಏನು ಬಂತು ಮೇಡಂ? ತೆಗೆದುಬಿಡಿ,” ಎಂದರು ಮೇಷ್ಟ್ರು. ಕಣ್ಣಲ್ಲಿ ನೀರು ದಳದಳ ಇಳಿಯುತ್ತಿತ್ತು.

ನಾಯಿಯ ಕುತ್ತಿಗೆ ಹಿಡಿದು ನಿಂತಿದ್ದ ಹೆಂಡತಿ ಗಂಡನ ಮುಖವನ್ನೇ ನೋಡಿದಳು. ಈ ಮನುಷ್ಯನಿಗೆ ಇಷ್ಟು ಬೇಗ ತೀರ್ಮಾನ ಮಾಡಲು ಬರುತ್ತದೆ ಅಂತ ಅವಳಿಗೆ ಗೊತ್ತೇ ಇರಲಿಲ್ಲ.

ಮೇಷ್ಟ್ರು ಅಂದರೆ ಶಾಲೆ ಮೇಷ್ಟ್ರಲ್ಲ, ಕಾರು ಕಲಿಸುವ ಮೇಷ್ಟ್ರು. ಅರ್ಧ ಊರಿಗೆ ಸ್ಟೇರಿಂಗ್ ಹಿಡಿಸಿದವರು. ನಾಯಿಯ ಹೆಸರು ಬ್ರೇಕ. ಮರಿಯಾಗಿದ್ದಾಗ ಕಾರಿಗೆ ಅಡ್ಡ ಬಂದಿತ್ತಂತೆ. ಅಲ್ಲಿಯವರೆಗೆ ಬ್ರೇಕು ಎಲ್ಲಿದೆ ಅಂತ ತಡಕಾಡುತ್ತಿದ್ದ ಒಬ್ಬ ಶಿಷ್ಯೆ ಅವತ್ತು ಮೊದಲ ಸಲ ಸರಿಯಾದ ಜಾಗ ತುಳಿದಳಂತೆ. ಅಂದಿನಿಂದ ಅದು ಹಿಂದಿನ ಸೀಟಿನ ಯಜಮಾನ. ಕಲಿಯುವವರು ಗೇರು ಕಿರುಗುಟ್ಟಿಸಿದರೆ ಆಕಳಿಸುತ್ತಿತ್ತು. “ನೋಡಿ, ನಾಯಿಗೂ ನಾಚಿಕೆ ಆಗ್ತಿದೆ” ಅಂತ ಮೇಷ್ಟ್ರು ನಗಿಸುತ್ತಿದ್ದರು. ಹೊರಗೆ ಹತ್ತು ಜನಕ್ಕೆ ಬೇಕಾದವರು. ಮನೆಯಲ್ಲಿ ಏನಾದರೂ ಕಷ್ಟದ ಕೆಲಸ ಬಂತೋ, ಕಾರಿನ ಕೀ ಹುಡುಕುತ್ತಿದ್ದರು.

ಅದನ್ನು ಅವಳು ಅತ್ತೆ ಹಾಸಿಗೆ ಹಿಡಿದು ತೀರಿಕೊಂಡ ವರ್ಷ ಚೆನ್ನಾಗಿ ಕಂಡಿದ್ದಳು. ಸಕ್ಕರೆ ಕಾಯಿಲೆಗೆ ಅತ್ತೆಯ ಹೆಬ್ಬೆರಳು ಕಪ್ಪಾಯಿತು, ಆ ಕಪ್ಪು ಪಾದಕ್ಕೆ ಏರಿತು. ಮೊಣಕಾಲ ಕೆಳಗೆ ತೆಗೆದರೆ ಜೀವ ಉಳಿಯುತ್ತದೆ ಎಂದಿದ್ದರು ಆಸ್ಪತ್ರೆಯವರು. “ಕಾಲು ಕಳ್ಕೊಂಡು ಬದುಕೋದು ಬೇಡ ಅಂತಿದಾಳೆ ನಮ್ಮಮ್ಮ” ಅಂತ ಹೇಳಿ ಮೇಷ್ಟ್ರು ಮನೆಗೆ ಕರೆತಂದರು. ಅಮ್ಮ ಹಾಗೆ ಅಂದಿರಲಿಲ್ಲ. ಅಮ್ಮನನ್ನು ಕೇಳಿದವರೇ ಇರಲಿಲ್ಲ. ಮುದುಕಿ ಗೋಡೆ ಬದಿಯ ಮಂಚದಲ್ಲಿ ಬಿದ್ದುಕೊಂಡು, “ಯಾಕೇ, ಇವನು ನನ್ನ ಹತ್ರ ಮುಖ ಕೊಟ್ಟು ಮಾತಾಡ್ತಾ ಇಲ್ಲ?” ಅಂತ ಸೊಸೆಯನ್ನು ಕೇಳುತ್ತಿದ್ದರು. ಹುಣ್ಣು ತೊಳೆದವಳು ಸೊಸೆ. ಮಗ್ಗುಲು ತಿರುಗಿಸಿದವಳು, ಬಟ್ಟೆ ಬದಲಿಸಿದವಳು ಸೊಸೆ. ಮಗ ಬಾಗಿಲಲ್ಲೇ ನಿಂತು “ಹೇಗಿದೀಯಮ್ಮಾ” ಅನ್ನುವುದು, ಉತ್ತರ ಬರುವ ಮೊದಲೇ ಕ್ಲಾಸಿದೆ ಅಂತ ಹೊರಡುವುದು. ನಾಯಿಗೆ ಹೇಳಿದರೆ ನಾಯಿ ತನ್ನ ಬಾಲಕ್ಕೆ ಹೇಳಿತಂತೆ. ಆ ಮನೆಯಲ್ಲಿ ಬಾಲ ಅಂದರೆ ಅವಳೇ.

ಡಾಕ್ಟರಮ್ಮನ ಹತ್ತಿರದಿಂದ ಹಿಂದಿರುಗುವಾಗ ಕಾರಿನಲ್ಲಿ ಮೇಷ್ಟ್ರೇ ಮಾತು ತೆಗೆದರು.

“ಮೂರು ಕಾಲಲ್ಲೂ ನಾಯಿಗಳು ಚೆನ್ನಾಗೇ ಓಡಾಡ್ತಾವಂತೆ ಕಣೇ.”

“ಒಂದು ಕಾಲಲ್ಲಿ ಮನುಷ್ಯರೂ ಓಡಾಡ್ತಾರೆ.”

“ಅದಕ್ಕೂ ಇದಕ್ಕೂ ಏನೇ ಸಂಬಂಧ?”

“ನಾಯಿಗೊಂದು ನ್ಯಾಯ, ತಾಯಿಗೊಂದು ನ್ಯಾಯನಾ ರೀ?”

“ಅಮ್ಮನೇ ಬೇಡ ಅಂದಿದ್ಳು.”

“ಯಾವಾಗ ಅಂದ್ರು? ನಾನೂ ಅಲ್ಲೇ ಇದ್ದೆನಲ್ಲ.”

ಮೇಷ್ಟ್ರು ಬದಲಿಸಬೇಕಿಲ್ಲದ ಗೇರು ಬದಲಿಸಿದರು. ಕಾರು ಜಗ್ಗಿ ನಿಂತುಹೋಯಿತು. ಹಿಂದಿನಿಂದ ಹಾರನ್ನುಗಳು ಬೊಬ್ಬೆ ಹೊಡೆದವು. ಬ್ರೇಕ ಮಾತ್ರ ತಲೆ ಎತ್ತದೆ ಊದಿದ ಜಾಗವನ್ನು ನೆಕ್ಕುತ್ತಲೇ ಇತ್ತು.

ಬೇಡ ಅಂದುಬಿಡಲೇ ಅಂತ ಅವಳಿಗೆ ಅನ್ನಿಸದೇ ಇರಲಿಲ್ಲ. ಅಮ್ಮನಿಗೆ ಇಲ್ಲದ್ದು ನಾಯಿಗೂ ಬೇಡ ಅಂತ ಹಟಕ್ಕೆ ಕೂತರೆ ಗಂಡ ಎದುರಾಡುವ ಗಂಡಸಲ್ಲ ಅಂತಲೂ ಗೊತ್ತಿತ್ತು. ಅವಳು ಪರದೆ ಅಂಗಡಿಯಲ್ಲಿ ಹೊಲಿಗೆ ಕೆಲಸ ಮಾಡುತ್ತಿದ್ದಳು. ಮರುದಿನ ಬ್ರೇಕನನ್ನು ಜೊತೆಗೇ ಕರೆದುಕೊಂಡು ಹೋದಳು. ಅದು ಮಿಷನ್ನಿನ ಪಕ್ಕದ ಬಟ್ಟೆ ತುಂಡುಗಳ ಮೇಲೆ ಮಲಗಿತು. ಎದ್ದು ಜಾಗ ಬದಲಿಸುವಾಗ ಎಡಗಾಲು ನೆಲಕ್ಕೆ ಸೋಕಿತು. ಕುಂಯ್ ಎಂದು, ತಪ್ಪು ತನ್ನದೇ ಅನ್ನುವಂತೆ ಅವಳ ಕಡೆ ನೋಡಿ ಬಾಲ ಅಲ್ಲಾಡಿಸಿತು. ತನ್ನ ಸಿಟ್ಟಿಗೆ ಈ ಮೂಕಪ್ರಾಣಿಯನ್ನು ಬಲಿ ಕೊಡಲು ಅವಳಿಗೆ ಮನಸ್ಸು ಬರಲಿಲ್ಲ. ಸಂಜೆ ಗಂಡನಿಗೆ, “ಮಾಡಿಸಿ” ಎಂದಷ್ಟೇ ಹೇಳಿದಳು.

ಆಪರೇಷನ್ನಿನ ದಿನ ಮೇಷ್ಟ್ರು ಸಹಿ ಹಾಕಿದರು, ನಾಯಿಯ ಹಣೆಗೆ ಮುತ್ತಿಟ್ಟರು, ಆಮೇಲೆ ಯಾರಿಗೋ ಕ್ಲಾಸಿದೆ ಅಂತ ಹೊರಟರು. ಬೆಂಚಿನ ಮೇಲೆ ಕಾದವಳು ಅವಳು. ಬ್ರೇಕ ಹೊರಗೆ ಬಂದಾಗ ಅದರ ಒಂದು ಬದಿಯ ಕೂದಲೆಲ್ಲ ಬೋಳಿಸಿ, ಕಾಲಿದ್ದಲ್ಲಿ ಉದ್ದನೆಯ ಹೊಲಿಗೆ ಹಾಕಿದ್ದರು. ಹೊಲಿಗೆ ಅಚ್ಚುಕಟ್ಟಾಗಿದೆ ಅಂತ ಅವಳ ಕಣ್ಣು ತಾನಾಗಿಯೇ ಗಮನಿಸಿತು. ಗಮನಿಸಿದ ಕಣ್ಣನ್ನು ಬೇರೆ ಕಡೆ ತಿರುಗಿಸಿದಳು.

ಮನೆಯಲ್ಲಿ ಮೊದಮೊದಲು ಗಾಯ ಒರೆಸಿ, ಹೊಸ ಪಟ್ಟಿ ಸುತ್ತಿದವಳೂ ಅವಳೇ. ಮೇಷ್ಟ್ರು ಇತ್ತ ತಲೆ ಹಾಕುತ್ತಿರಲಿಲ್ಲ. ಫೋನಿನಲ್ಲಿ ಮಾತ್ರ ಶಿಷ್ಯರಿಗೆಲ್ಲ, “ನಮ್ಮ ಬ್ರೇಕ ಹುಲಿ ಕಣ್ರೀ” ಅನ್ನುತ್ತಿದ್ದರು. ಒಂದು ಬೆಳಿಗ್ಗೆ ಹಾಗೆ ಅನ್ನುವುದು ಅಡುಗೆಮನೆಗೆ ಕೇಳಿಸಿತು. ಅವಳು ಕೈ ಒರೆಸಿಕೊಂಡು ಬಂದು ಹತ್ತಿ, ಔಷಧಿ, ಪಟ್ಟಿ ಮೂರನ್ನೂ ಅವರ ಮುಂದಿಟ್ಟಳು.

“ಇವತ್ತು ನೀವು.”

“ನನ್ನ ಕೈ ನಡುಗುತ್ತೆ ಕಣೇ. ನಿನಗಾದ್ರೆ ಅಭ್ಯಾಸ ಇದೆ.”

“ಅಭ್ಯಾಸ ತಾಯಿ ಹೊಟ್ಟೆಯಿಂದ ಬಂತಾ ನನಗೆ? ಸ್ಟೇರಿಂಗ್ ಹಿಡಿದವರ ಕೈ ನಡುಗಿದ್ರೆ ಏನಂತೀರಿ ನೀವು? ಅದನ್ನೇ ನಿಮಗೆ ನೀವು ಹೇಳ್ಕೊಳ್ಳಿ.”

ಚಪ್ಪಲಿ ಮೆಟ್ಟಿಕೊಂಡು ಕೆಲಸಕ್ಕೆ ಹೋದಳು. ದಿನವೆಲ್ಲ ನೂಲು ಕಡಿಯಿತು, ಅಳತೆ ತಪ್ಪಿತು.

ಸಂಜೆ ಬಾಗಿಲು ತೆಗೆದಾಗ ಮೇಷ್ಟ್ರು ನೆಲದ ಮೇಲೆ ಕೂತಿದ್ದರು. ಅಂಗಿಯ ತೋಳಿಗೆ ಔಷಧಿಯ ಕಂದು ಕಲೆ. ಬ್ರೇಕನ ಎದೆಗೆ ಇಡೀ ಪಟ್ಟಿಯ ಸುರುಳಿಯನ್ನೇ ಖಾಲಿ ಮಾಡಿ ದಿಂಬಿನ ಹಾಗೆ ಸುತ್ತಿದ್ದರು. ಅದು ಅವರ ತೊಡೆಯ ಮೇಲೆ ತಲೆಯಿಟ್ಟು ಗೊರಕೆ ಹೊಡೆಯುತ್ತಿತ್ತು. ಹೆಂಡತಿಯನ್ನು ಕಂಡ ಮೇಷ್ಟ್ರು ಮಿಕ್ಕ ಹತ್ತಿಯನ್ನು ಉಂಡೆ ಮಾಡಿ ಪಕ್ಕಕ್ಕಿಟ್ಟರು.

“ಅಮ್ಮನಿಗೆ ತುಂಬಾ ನೋವಿತ್ತೇನೇ?” ಎಂದರು.

ಇಲ್ಲ ಅನ್ನಬಹುದಿತ್ತು. ಸತ್ತವರ ವಿಷಯದಲ್ಲಿ ಎಲ್ಲರೂ ಹಾಗೇ ಅನ್ನುತ್ತಾರೆ. ಗಂಡ ಮುಖವೆತ್ತಿ ಅದಕ್ಕೇ ಕಾಯುತ್ತಿದ್ದರು.

“ಇತ್ತು,” ಎಂದಳು. “ಕೊನೇವರೆಗೂ ಇತ್ತು. ನಿಮ್ಮನ್ನ ಕೂಗ್ತಿದ್ರು.”

ಮೇಷ್ಟ್ರು ಬಾಯಿಗೆ ಅಂಗೈ ಒತ್ತಿಕೊಂಡರು. ಅವಳು ಹತ್ತಿರ ಹೋಗಲಿಲ್ಲ. ಒಳಗೆ ಹೋಗಿ ಒಲೆ ಹಚ್ಚಿದಳು. ಹೇಳಿದರೆ ಎದೆ ಹಗುರಾಗುತ್ತದೆ ಅಂದುಕೊಂಡಿದ್ದಳು, ಹಗುರಾಗಲಿಲ್ಲ. ಮುದುಕಿ ಮಾತ್ರ ಇನ್ನೊಂದು ಸಲ ಮಂಚದಿಂದ ಕೂಗಿದಂತಾಯಿತು.

ಅಲ್ಲಿಂದ ಮುಂದೆ ಪಟ್ಟಿ ಕಟ್ಟುವುದು ಮೇಷ್ಟ್ರ ಕೆಲಸವೇ ಆಯಿತು. ಗಾಯ ಮಾಯಿತು. ಬ್ರೇಕ ಮೂರು ಕಾಲಲ್ಲಿ ಕುಪ್ಪಳಿಸುತ್ತಾ ಬೀದಿ ಕೊನೆಯವರೆಗೆ ಬೆಕ್ಕನ್ನು ಅಟ್ಟಿಸಿಕೊಂಡು ಹೋಯಿತು. ಇಲ್ಲದ ಕಾಲಿನ ಬಗ್ಗೆ ಅದಕ್ಕೆ ಚಿಂತೆಯೇ ಇದ್ದಂತಿರಲಿಲ್ಲ. ಅದು ಹಾಗೆ ಓಡುವುದನ್ನು ಕಂಡಾಗಲೆಲ್ಲ ಅವಳಿಗೆ ನಗು ಬರುತ್ತಿತ್ತು, ಹಿಂದೆಯೇ ಹೊಟ್ಟೆಯಲ್ಲಿ ಕಿಚ್ಚು. ಕಾಲು ತೆಗೆಸಿದ್ದರೆ ಅತ್ತೆಯೂ ಕೋಲೂರಿಕೊಂಡು ಈ ಜಗಲಿಯಲ್ಲಿ ಕೂತು ಬೀದಿಯವರನ್ನು ಬೈಯುತ್ತಿದ್ದರೇನೋ.

ಚಳಿ ಶುರುವಾಗುವ ಹೊತ್ತಿಗೆ ನಾಯಿಗೆ ಕೆಮ್ಮು ಬಂತು. ಡಾಕ್ಟರಮ್ಮ ಹೇಳಿದ್ದೇ ಆಯಿತು. ಊಟ ಬಿಟ್ಟು, ಉಸಿರಿಗೆ ಒದ್ದಾಡತೊಡಗಿದಾಗ, ಇನ್ನು ಕಷ್ಟ ಕೊಡುವುದು ಬೇಡ, ಇಂಜೆಕ್ಷನ್ ಕೊಟ್ಟು ಮಲಗಿಸೋಣ ಎಂದರು ಅವರೇ. ಆ ದಿನ ಆಸ್ಪತ್ರೆಯ ಬೆಂಚಿನಿಂದ ಅವಳು ನಾಯಿಯ ಜೊತೆ ಒಳಗೆ ಹೋಗಲು ಎದ್ದಳು. ಮೇಷ್ಟ್ರು ಕೈ ಅಡ್ಡ ಹಿಡಿದರು.

“ನಾನು ಹೋಗ್ತೀನಿ.”

ಬಾಗಿಲು ಮುಚ್ಚಿತು. ಬಹಳ ಹೊತ್ತಿನ ಮೇಲೆ ಹೊರಬಂದಾಗ ಅವರ ಕಣ್ಣು ಕೆಂಡವಾಗಿತ್ತು, ಕೈಯಲ್ಲಿ ಖಾಲಿ ಕೊರಳಪಟ್ಟಿ.

“ಕಣ್ಣು ಮುಚ್ಚೋವರೆಗೂ ತಲೆ ಹಿಡ್ಕೊಂಡಿದ್ದೆ ಕಣೇ. ಈ ಸಲ ಓಡಿಹೋಗಲಿಲ್ಲ.”

ಹೊಗಳಿಕೆಗೆ ಕಾದು ನಿಂತ ಮಗುವಿನ ಮುಖ. ಗಂಡ ಕಲಿತದ್ದು ಸುಳ್ಳಲ್ಲ ಅಂತ ಅವಳಿಗೆ ಗೊತ್ತಿತ್ತು. ಆದರೆ ಕಲಿಯಬೇಕಾಗಿದ್ದದ್ದು ಅತ್ತೆಯ ಮಂಚದ ಪಕ್ಕ, ಅದನ್ನು ಎಂದೋ ಮಡಚಿ ಎತ್ತಿಟ್ಟಾಗಿತ್ತು.

“ನೀವು ಒಳಗೆ ಹೋಗಿದ್ದು ನೋಡಿದೆ,” ಎಂದಳು.

ದಾರಿಯುದ್ದಕ್ಕೂ ಮೇಷ್ಟ್ರು ಅಳುತ್ತಲೇ ಕಾರು ಓಡಿಸಿದರು. ಪರದೆ ಅಂಗಡಿಯ ತಿರುವು ಬಂದಾಗ ಅವಳು, “ಇಲ್ಲೇ ನಿಲ್ಲಿಸಿ, ಕೆಲಸ ಬಾಕಿ ಇದೆ,” ಎಂದಳು. ಮನೆಗೆ ಒಬ್ಬರೇ ಹೋಗಿ ಅಂತ ಬಾಯಿಬಿಟ್ಟು ಹೇಳಲಿಲ್ಲ. ಇಳಿದು, ಬಾಗಿಲು ಹಾಕಿ, ತಿರುಗಿ ನೋಡದೆ ಮೆಟ್ಟಿಲು ಹತ್ತಿದಳು.